ಒದ್ದೆ ಮಣ್ಣಿನಲ್ಲಿ ಬಾಯಾರಿಕೆ

ಜುಲೈ ಬಂತೆಂದರೆ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿಯವರು ಶುರು ಮಾಡಿದಂದಿನಿಂದ ಗಿಡ ನೆಡುವವರಿಗೆ ಬರವಿಲ್ಲ. ಫೋಟೊದಲ್ಲಿ ಒಂದು ಸಸಿಯ ಸುತ್ತ ಹತ್ತು ಜನರಾದರೂ ಇರುತ್ತಾರೆ. ಆಗಸ್ಟಿನಲ್ಲಿ ಮಳೆ ನಾಲ್ಕು ದಿನ ಹೊಳವಾದರೆ ಸಾಕು, ಆ ಸಸಿ ಎಲೆ ಜೋಲಿಸಿ ನಿಲ್ಲುತ್ತದೆ. ಸುತ್ತಲಿನ ಮಣ್ಣು ಕೆದಕಿದರೆ ಬೆರಳಿಗೆ ಅಂಟುವಷ್ಟು ಒದ್ದೆ. "ಇಷ್ಟು ನೀರಿದೆ, ಇದಕ್ಕೇನು ಧಾಡಿ?" ಎಂದು ನಮ್ಮ ಬಡಾವಣೆಯ ಹಿರಿಯರು ಗಿಡವನ್ನೇ ಗದರುತ್ತಾರೆ.

ಧಾಡಿ ಇರುವುದು ಬುಡದಲ್ಲಿ. ಈಗ ಎಷ್ಟೋ ನರ್ಸರಿಗಳಲ್ಲಿ ಸಸಿ ಬೆಳೆಯುವುದು ಮಣ್ಣಿನಲ್ಲಲ್ಲ, ತೆಂಗಿನ ನಾರಿನ ಪುಡಿಯಲ್ಲಿ. ಕೊಕೊಪೀಟ್ ಎನ್ನುವ ಈ ಪುಡಿ ಹಗುರ, ಲಾರಿಗೇರಿಸಲು ಸುಲಭ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ದಿನಾ ನೀರು ಹಾಕುವವರಿರುವ ತನಕ ಗಿಡಕ್ಕೆ ಕೊರತೆಯಿಲ್ಲ. ಆದರೆ ನೆಟ್ಟ ಮೇಲೂ ಕೆಲವು ವಾರ ಬೇರುಗಳೆಲ್ಲ ಆ ಪುಡಿಯ ಪುಟ್ಟ ಹೆಂಟೆಯೊಳಗೇ ಇರುತ್ತವೆ. ಸುತ್ತಲಿನ ಜೇಡಿಮಣ್ಣಿನ ರಂಧ್ರಗಳು ಸಣ್ಣವು, ಅವುಗಳ ಎಳೆತ ಜಾಸ್ತಿ. ಆ ಮಣ್ಣು ಹೆಂಟೆಗೆ ನೀರು ಕೊಡುವುದಿರಲಿ, ಅದರಲ್ಲಿದ್ದುದನ್ನೂ ಹೀರಿಕೊಳ್ಳುತ್ತದೆ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬವನ್ನೇ ನಂಬಿ ಮೆಸ್ಸಿನ ಕಡೆ ತಲೆ ಹಾಕದ ಹಾಸ್ಟೆಲ್ ಹುಡುಗನ ಪಾಡು ಇದು: ಡಬ್ಬ ಖಾಲಿ ಮಾಡುವವರು ರೂಮಿನ ಉಳಿದವರು!

ಮಲೆನಾಡಿನ ನಮ್ಮ ಮನೆಯಲ್ಲಿ ಕಾಫಿ ಸಸಿಗೆ ಚೀಲ ತುಂಬುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಕಾಡುಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು. ಪರೀಕ್ಷೆಯಲ್ಲಿ ಅನುಪಾತದ ಲೆಕ್ಕ ಬಂದರೆ ನನಗೆ ಸಗಣಿಯ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಆ ಚೀಲಗಳನ್ನು ಗುಡ್ಡಕ್ಕೆ ಹೊತ್ತವರ ಸೊಂಟ ಬಿದ್ದುಹೋಗುತ್ತಿತ್ತು, ನಿಜ. ಆದರೆ ಚೀಲದ ಮಣ್ಣೂ ತೋಟದ ಮಣ್ಣೂ ಬಹುಪಾಲು ಒಂದೇ. ನಡುವೆ ನೀರಿಗೆ ತಕರಾರಿರಲಿಲ್ಲ. ನೆಡುವ ಮುನ್ನ ಚೀಲದ ತಳ ಕತ್ತರಿಸಿ, ಸುರುಳಿ ಸುತ್ತಿದ ತಾಯಿಬೇರಿನ ತುದಿ ಸವರಿ, "ಇನ್ನು ನಿನ್ನ ದಾರಿ ನೀನು ನೋಡ್ಕೋ" ಎನ್ನುತ್ತಿದ್ದ ಅಜ್ಜ ಈಗಿಲ್ಲ. ಚೀಲ ತುಂಬಿದ ನಾವೆಲ್ಲ ಬೆಂಗಳೂರು ಸೇರಿ, ಬಾಲ್ಕನಿಯ ಕುಂಡಕ್ಕೆ ಮಣ್ಣನ್ನು ಆನ್‌ಲೈನಿನಲ್ಲಿ ತರಿಸುತ್ತಿದ್ದೇವೆ.

ನಾರಿನ ಪುಡಿಯನ್ನು ಬೈದು ಫಲವಿಲ್ಲ. ಚೀಲ ತುಂಬುವ ಕೈಗಳೂ ಈಗ ಸಿಗುವುದಿಲ್ಲ. ಈ ಸಲ ಸಸಿ ಕೈಗೆ ಬಂದರೆ, ಗುಳ್ಳೆ ಏಳುವುದು ನಿಲ್ಲುವವರೆಗೆ ಹೆಂಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿಡಿ. ನೆಟ್ಟ ಮೇಲೆ ಹೆಂಟೆಯ ನೆತ್ತಿಗೆ ತೆಳ್ಳಗೆ ಅಲ್ಲಿನದೇ ಮಣ್ಣು ಮುಚ್ಚಿ. ನೀರನ್ನು ಪಾತಿಯ ಅಂಚಿಗೆ ಚೆಲ್ಲಿ ಹೋಗಬೇಡಿ, ಕಾಂಡದ ಬುಡಕ್ಕೇ ಹಾಕಿ. ಮಳೆ ಬಿಟ್ಟ ವಾರ ಮತ್ತೊಮ್ಮೆ ಬನ್ನಿ, ಫೋಟೊ ತೆಗೆಯುವವರು ಬರದಿದ್ದರೂ.