ಚಿಟ್ಟೆಮೀನಿನ ಊಟದ ಹಟ

ಕಾರ್ಕಳದ ನನ್ನ ತಂಗಿಯ ಮನೆ ಅಂಗಳದ ಸಿಮೆಂಟು ತೊಟ್ಟಿಯಲ್ಲಿ ಗಪ್ಪಿ ಮೀನುಗಳಿವೆ. ಅವುಗಳ ಊಟದ ಚಿಂತೆ ಯಾರಿಗೂ ಇಲ್ಲ. ಸೊಳ್ಳೆಮರಿ ಸಿಕ್ಕಿದರೆ ಅದು, ಅಂಗಡಿಯ ಕಾಳು ಉದುರಿಸಿದರೆ ಅದು. ಸಮುದ್ರದ ಮೀನುಗಳ ಜಾತಕವೇ ಬೇರೆ. ಮಣಿಪಾಲದ ನಮ್ಮ ಮನೆಯಲ್ಲಿ ಏಳನೇ ತರಗತಿಯ ಮೊಮ್ಮಗನಿಗಾಗಿ ಮಗ ಉಪ್ಪುನೀರಿನ ಅಕ್ವೇರಿಯಂ ತಂದಿಟ್ಟ ಮೇಲೆ ನನಗೆ ಇದು ತಿಳಿಯಿತು.

ಮೊದಲು ಬಂದವು ಎರಡು ಕ್ಲೌನ್ ಮೀನುಗಳು. 2003ರಲ್ಲಿ ಬಂದ 'ಫೈಂಡಿಂಗ್ ನಿಮೋ' ಸಿನಿಮಾ ನೋಡಿದ ಮಕ್ಕಳಿಗೆಲ್ಲ ಇವುಗಳ ಪರಿಚಯವುಂಟು. ಕಿತ್ತಳೆ ಮೈ, ಬಿಳಿ ಪಟ್ಟೆ. ಈ ಜಾತಿಯನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ಸಿದ್ಧಿಸಿದೆ. ಹಾಗೆ ಹುಟ್ಟಿದ ಮರಿಗಳು ಚಿಕ್ಕಂದಿನಿಂದ ಕಾಳು ತಿಂದೇ ಬೆಳೆಯುತ್ತವೆ. ನಮ್ಮವೂ ಅಷ್ಟೆ, ಬಂದ ಮರುದಿನವೇ ತಿನ್ನಲು ಸುರುಮಾಡಿದವು.

ಆಮೇಲೆ ಬಂದದ್ದು ಕಾಪರ್‌ಬ್ಯಾಂಡ್ ಎಂಬ ಚಿಟ್ಟೆಮೀನು. ಬೆಳ್ಳಿಯ ಮೈಮೇಲೆ ತಾಮ್ರದ ಬಣ್ಣದ ಪಟ್ಟೆಗಳು, ಇಕ್ಕುಳದಂತಹ ಉದ್ದ ಮೂತಿ. ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಣ್ಣಿನಂತಹ ಕಪ್ಪು ಬೊಟ್ಟು. ತಲೆ ಯಾವ ಕಡೆ ಎಂದು ಶತ್ರುವಿಗೆ ಗೊತ್ತಾಗಬಾರದಲ್ಲ! ನೋಡಲು ಚಂದ, ಆದರೆ ಐದು ದಿನ ಏನನ್ನೂ ಮುಟ್ಟಲಿಲ್ಲ. ಹಾಕಿದ ಕಾಳು ಮೂತಿಯ ಮುಂದೆಯೇ ಇಳಿದು ಹೋಗುತ್ತಿತ್ತು. ಮೊಮ್ಮಗನೂ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದ. "ಅಜ್ಜ, ಅದು ಸಾಯ್ತದಾ?" ಎಂದು ಕೇಳಿದ. ಇಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಆ ಆದಿತ್ಯವಾರ ಅವನನ್ನು ಕಾಪುವಿಗೆ ಕರೆದುಕೊಂಡು ಹೋದೆ. 1901ರ ದೀಪಸ್ತಂಭ ನಿಂತಿರುವ ಬಂಡೆಗಳ ಬುಡದಲ್ಲಿ, ಇಳಿತದ ಹೊತ್ತಿಗೆ ಗುಂಡಿಗಳಲ್ಲಿ ನೀರು ಉಳಿದಿರುತ್ತದೆ. ಅಲ್ಲಿ ಬೆರಳುದ್ದದ ಮೀನುಗಳು ಕಲ್ಲಿಗೆ ಅಂಟಿದ್ದನ್ನು ಕುಟುಕುತ್ತಿದ್ದವು. ಮೊಮ್ಮಗ ಬಹಳ ಹೊತ್ತು ನೋಡಿ, "ಇವು ಮೇಲಿಂದ ಬೀಳುವುದನ್ನು ಕಾಯುವುದೇ ಇಲ್ಲ ಅಜ್ಜ, ಕಲ್ಲಿನ ಸಂದಿಯಲ್ಲಿ ಹುಡುಕ್ತವೆ" ಎಂದ.

ಗುಟ್ಟು ಅಲ್ಲೇ ಇತ್ತು. ಚಿಟ್ಟೆಮೀನಿನ ಮೂತಿ ಉದ್ದವಾಗಿರುವುದೇ ಸಂದಿಯೊಳಗಿನ ಹುಳುಗಳನ್ನು ಹೆಕ್ಕಿ ತಿನ್ನಲಿಕ್ಕೆ. ಕಡಲಿನಿಂದ ಹಿಡಿದು ತಂದ ಮೀನಿಗೆ, ತೇಲುವ ಕಾಳು ಆಹಾರವೆಂದೇ ಗೊತ್ತಿರುವುದಿಲ್ಲ. ಅದರದ್ದು ಸೊಕ್ಕಲ್ಲ, ಅಪರಿಚಿತತನ. ಪೇಟೆಯಿಂದ ಪಚ್ಚಿಲೆ ತಂದು, ಚಿಪ್ಪು ತೆರೆದು, ಮಾಂಸವಿರುವ ಅರ್ಧವನ್ನು ತೊಟ್ಟಿಯ ಕಲ್ಲಿನ ಸಂದಿಗೆ ಇಡುವುದು ಎಂದು ತೀರ್ಮಾನವಾಯಿತು.

ಆದರೆ ನಮ್ಮದು ಬೆಳ್ಳುಳ್ಳಿಯೂ ಬಾರದ ಮನೆ! ಪಚ್ಚಿಲೆಯ ಮಾತು ಎತ್ತುವುದು ಹೇಗೆಂದು ನಾವಿಬ್ಬರೂ ಹೆದರಿದ್ದೆವು. ಅಜ್ಜಿ ಎಲ್ಲ ಕೇಳಿ, "ಮೀನು ಏಕಾದಶಿ ಮಾಡ್ಲಿಕ್ಕುಂಟಾ? ಅದರ ಊಟ ಅದಕ್ಕೆ" ಎಂದು ಒಂದು ಹಳೆಯ ಚೂರಿ, ಮುಚ್ಚಳದ ಡಬ್ಬಿ ಕೊಟ್ಟಳು. ಕೆಲಸವೆಲ್ಲ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಆಮೇಲೆ ಕಲ್ಲು ತೊಳೆಯಬೇಕು. ಇಷ್ಟೇ ಅವಳ ಷರತ್ತು.

ಮೊದಲ ದಿನ ಮೀನು ಚಿಪ್ಪಿನ ಸುತ್ತ ತಿರುಗಿತು, ಅಷ್ಟೆ. ಎರಡನೆಯ ದಿನ ಸಂಜೆ ಮೂತಿ ಚಾಚಿ ಒಮ್ಮೆ ಕುಟುಕಿತು. ಮೊಮ್ಮಗನ ಕೂಗು ಬೀದಿಗೆ ಕೇಳಿಸಿರಬೇಕು.

ಒಂದೇ ಆಹಾರ ಸಾಲದು. ಮನುಷ್ಯರ ಹಾಗೆ ಮೀನಿಗೂ ಬಗೆಬಗೆಯ ಪೋಷಕಾಂಶ ಬೇಕು. ಹಾಗಾಗಿ ವಾರ ಕಳೆದ ಮೇಲೆ ಅದೇ ಚಿಪ್ಪಿಗೆ ಆರ್ಟೀಮಿಯಾ ಸೇರಿಸಿದೆವು. ಇದು ಕಣದಷ್ಟು ಚಿಕ್ಕ ಸಿಗಡಿ. ಒಣಗಿದ ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿ ಗಾಳಿ ಹಾಯಿಸಿದರೆ ಸುಮಾರು 24 ಗಂಟೆಯಲ್ಲಿ ಮರಿಯಾಗುತ್ತದೆ. ಹುಟ್ಟಿದ ಕೂಡಲೇ ಕೊಡಬೇಕು, ಹೊತ್ತು ಹೋದ ಹಾಗೆ ಅದರ ಸತ್ವ ಇಳಿಯುತ್ತದೆ. ಅನಂತರ ಶೀತಲೀಕರಿಸಿದ ಮೈಸಿಸ್ ಸಿಗಡಿ, ಕೊನೆಗೆ ನೆನೆಸಿದ ಕಾಳನ್ನು ಮಾಂಸದ ನಡುವೆ ಒತ್ತಿಟ್ಟೆವು. ಪ್ರತಿಸಲವೂ ಹೊಸದು ಚಿಟಿಕೆ, ಹಳೆಯದು ಹೆಚ್ಚು. ಉಳಿದದ್ದನ್ನು ಬೇಗ ತೆಗೆಯಬೇಕು. ಕೊಳೆತರೆ ನೀರಿನಲ್ಲಿ ಅಮೋನಿಯಾ ಏರಿ ಮೀನಿಗೆ ವಿಷವಾಗುತ್ತದೆ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನನ್ನದು. ಮೊಮ್ಮಗನಿಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟೆ: ತಾರೀಕು, ಕೊಟ್ಟದ್ದು, ತಿಂದದ್ದು, ಬಿಟ್ಟದ್ದು. ಎರಡು ತಿಂಗಳಾಗುವಾಗ 'ತಿಂದದ್ದು' ಎಂಬ ಸಾಲಿನಲ್ಲಿ ನಾಲ್ಕು ಬಗೆಯ ಆಹಾರವಿತ್ತು.

ಮೊನ್ನೆ ಮಗ ಇನ್ನೊಂದು ಮೀನು ತರುವ ಮಾತೆತ್ತಿದ. ಮೊಮ್ಮಗ ಹೇಳಿದ: "ತೊಟ್ಟಿಯಲ್ಲೇ ಹುಟ್ಟಿದ್ದು ಆದರೆ ಮಾತ್ರ ತನ್ನಿ ಅಪ್ಪ. ಅಂಗಡಿಯಲ್ಲಿ ಅದು ಊಟ ಮಾಡುವುದನ್ನು ನಾನು ನೋಡಬೇಕು."