ಒಂದು ಮರ, ಒಂದು ನಿಮಿಷ

ಜುಲೈ ತಿಂಗಳ ನಸುಕು. ನ್ಯೂಜಿಲೆಂಡಿನಲ್ಲಿ ಇದು ಕಡುಚಳಿಗಾಲ. ಉತ್ತರ ದ್ವೀಪದ ಕಾಯಿಂಗರೋವಾ ನೆಡುತೋಪಿನಲ್ಲಿ ನಿಂತಿದ್ದೀರಿ. ಹೆಪ್ಪುಗಟ್ಟಿದ ಇಬ್ಬನಿ ಬೂಟಿನಡಿ ಕರಕರ ಎನ್ನುತ್ತದೆ. ಅದರ ಕೆಳಗೆ, ಜ್ವಾಲಾಮುಖಿ ಉಗುಳಿದ ಹಗುರ ಪ್ಯೂಮಿಸ್ ಮಣ್ಣು. ಇದರಲ್ಲಿ ಕೋಬಾಲ್ಟ್ ಕೊರತೆ. ಹಾಗಾಗಿ ಇಲ್ಲಿ ಮೇಯ್ದ ದನ, ಕುರಿ ಸೊರಗುತ್ತಿದ್ದವು. ಮೇವಿಗೆ ಒಗ್ಗದ ಆ ಬಯಲಿನಲ್ಲಿ 1920ರ ದಶಕದಿಂದ ಪೈನ್ ಹಬ್ಬಿತು. ಈಗ ಎದುರಿಗಿರುವುದು ಕ್ಯಾಲಿಫೋರ್ನಿಯಾ ಮೂಲದ ರೇಡಿಯೇಟಾ ಪೈನ್. ವಯಸ್ಸು 28ರ ಆಸುಪಾಸು.

ಯಂತ್ರದ ದೀಪಗಳು ಹೊತ್ತಿಕೊಂಡವು. ಕಬ್ಬಿಣದ ತೋಳು ಬುಡವನ್ನು ತಬ್ಬುತ್ತದೆ, ಗರಗಸ ಕಿರುಚುತ್ತದೆ, ಮರ ಉರುಳುತ್ತದೆ. ನೆಲ ನಡುಗಿದ್ದು ಮೊಣಕಾಲಿಗೆ ತಿಳಿಯುತ್ತದೆ. ಇನ್ನೊಂದು ಯಂತ್ರ ಅದನ್ನು ದಿಮ್ಮಿ ಪೇರಿಸುವ ಕಟ್ಟೆಗೆ ಎಳೆದು ತರುತ್ತದೆ. ಅಲ್ಲಿ ಮೂರನೆಯದು ಕಾಂಡವನ್ನು ಹಲ್ಲಿನ ಉರುಳೆಗಳ ನಡುವೆ ಸರ್‍ರನೆ ಎಳೆಯುತ್ತದೆ. ಕೊಂಬೆಗಳು ಚಟಚಟ ಉದುರುತ್ತವೆ. ಹಸಿ ಸೊನೆಯ ವಾಸನೆ ಮೂಗಿಗೆ ಅಡರುತ್ತದೆ. ಎಲ್ಲಿ ತುಂಡರಿಸಬೇಕೆಂದು ಕಂಪ್ಯೂಟರ್ ಸೂಚಿಸುತ್ತದೆ: ಗಂಟಿಲ್ಲದ ಬುಡದ ದಿಮ್ಮಿ ದುಬಾರಿ ನಾಟಾಕ್ಕೆ, ತುದಿ ಕಾಗದದ ತಿರುಳಿಗೆ.

ಕೈಗಡಿಯಾರ ನೋಡಿಕೊಳ್ಳಿ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳೋಣ: ಈ ಮೂರನೆಯ ಯಂತ್ರದ ಒಂದು ಗಂಟೆಗೆ 300 ಡಾಲರ್ ಖರ್ಚು. ಮರವೊಂದರಲ್ಲಿ 2 ಘನ ಮೀಟರ್ ಇದ್ದು, ನಿಮಿಷಕ್ಕೊಂದು ಮುಗಿದರೆ ಗಂಟೆಗೆ 120 ಘನ ಮೀಟರ್. ಒಂದು ಘನ ಮೀಟರಿಗೆ ಎರಡೂವರೆ ಡಾಲರ್. ಅದೇ ಯಂತ್ರಕ್ಕೆ ಕಾಲು ಘನ ಮೀಟರಿನ ಸಣಕಲು ಮರ ಕೊಡಿ. 45 ಸೆಕೆಂಡಿಗೊಂದು ಮುಗಿಸಿದರೂ ಗಂಟೆಗೆ 20. ಖರ್ಚು 15 ಡಾಲರ್, ಆರು ಪಟ್ಟು. ಮರ ಎಂಟು ಪಟ್ಟು ಕಿರಿದಾದರೂ ಅದನ್ನು ಹಿಡಿದು, ಎತ್ತಿ, ಕೊಯ್ಯುವ ಹೊತ್ತು ಅಷ್ಟಾಗಿ ತಗ್ಗುವುದಿಲ್ಲ. ಹಾಗಾಗಿ ಕಟಾವಿನ ಖರ್ಚಿನ ದೊಡ್ಡ ಪಾಲು ಗರಗಸ ಮುಟ್ಟುವ ಮೊದಲೇ, ಮರ ಬೆಳೆದ ಪರಿಯಲ್ಲೇ ಬರೆದಿಟ್ಟಿರುತ್ತದೆ.

ಅಷ್ಟರಲ್ಲಿ ಸದ್ದು ನಿಂತಿತು. ಲಾರಿ ಬಂದಿಲ್ಲ, ಕಟ್ಟೆಯ ಮೇಲೆ ದಿಮ್ಮಿ ಇಡಲು ಜಾಗವಿಲ್ಲ. ಮೌನದಲ್ಲಿ ಹಕ್ಕಿಯೊಂದರ ದನಿ ಕೇಳುತ್ತದೆ. ಆದರೆ ಸಾಲದ ಕಂತು ನಿಲ್ಲುವುದಿಲ್ಲ, ಚಾಲಕನ ಕೂಲಿಯೂ ನಿಲ್ಲುವುದಿಲ್ಲ. ಒಂದು ಯಂತ್ರ ಕಾದರೆ ಅದರ ಹಿಂದಿನದೂ ಕಾಯುತ್ತದೆ. ಎಷ್ಟೇ ಚುರುಕಿನ ಯಂತ್ರವಿದ್ದರೂ ಇಡೀ ಸಾಲು ನಡೆಯುವುದು ನಿಧಾನದವನ ಹೆಜ್ಜೆಗೇ.

ಚಾಲಕ ಬಾಗಿಲು ತೆರೆದು ಇಳಿಯುತ್ತಾನೆ, ಬೆರಳು ಚಾಚಿ ಮೈಮುರಿಯುತ್ತಾನೆ. ಅವನು ಕೂತಿದ್ದ ದಪ್ಪ ಗಾಜಿನ ಗೂಡನ್ನೊಮ್ಮೆ ನೋಡಿ. 2013ರಲ್ಲಿ, ಒಂದೇ ವರ್ಷದಲ್ಲಿ, ಈ ದೇಶದ ಕಟಾವು ಕಾಡುಗಳಲ್ಲಿ 10 ಮಂದಿ ಸತ್ತರು. ಬೀಳುವ ಮರದಡಿ ಗರಗಸ ಹಿಡಿದು ರಕ್ಷಣೆಯಿಲ್ಲದೆ ನಿಲ್ಲುವವರನ್ನು ಗೂಡಿನೊಳಗೆ ಕೂರಿಸುವ ಒತ್ತಾಯ ಆಗ ಬಲವಾಯಿತು. ಈ ಯಂತ್ರವನ್ನು ದುಬಾರಿ ಎನ್ನುವ ಲೆಕ್ಕದಲ್ಲಿ ಆ ಸಾವುಗಳಿಗೂ ಒಂದು ಸಾಲು ಇರಲೇಬೇಕು.

ದೂರದಲ್ಲಿ ಲಾರಿಯ ಬೆಳಕು ಕಂಡಿತು. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮತ್ತೆ ಗೂಡು ಹತ್ತುತ್ತಾನೆ. ಸಂಜೆ ಹೀಗೇ ಇಳಿದು ಮನೆಗೆ ಹೋಗುತ್ತಾನೆ.