ಮಾವನವರ ಬೀಡಿ ರೊಕ್ಕ

ನಮ್ಮ ಮಾವನವರು 40 ವರ್ಷದಿಂದ ಬೀಡಿ ಸೇದತಿದ್ರು. ರಾತ್ರಿ ಕೆಮ್ಮಿದ್ರ ಮೊಮ್ಮಗಳಿಗೂ ಎಚ್ಚರ. ಲಂಡನ್ನಿನಾಗಿರೋ ಮೈದುನ, "ಅಪ್ಪಗ ವೇಪ್ ಕೊಡಸ್ರಿ ವೈನಿ" ಅಂದ. ಅಲ್ಲಿ ಅದು ನಡೀತದ. ನಮ್ಮ ದೇಶದಾಗ 2019ರಿಂದ ಅದರ ಮಾರಾಟ, ಆಮದು ಎಲ್ಲಾ ಬಂದ್.

ಅದಕ್ಕ ಡಾಕ್ಟರ್‌ನ ಕೇಳಿ ಔಷಧ ಅಂಗಡಿಯಿಂದ 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದೆ. ಎಲಿಅಡಿಕಿ ಹಂಗ ಒಂದೇ ಸವನ ಅಗೀಬಾರದ್ರಿ. ಸ್ವಲ್ಪ ಅಗದು, ಖಾರ ಅನಿಸಿದ ಕೂಡಲೆ ಗಲ್ಲದ ಮಗ್ಗಲ ಇಟ್ಕೋಬೇಕು. ಅದಕ್ಕ ಮೊದಲ ಕಾಲು ತಾಸು ಚಹಾ ಇಲ್ಲ.

ಬೀಡಿ ರೊಕ್ಕ ದಿನಾ ಡಬ್ಬ್ಯಾಗ ಹಾಕತೀವಿ, ಗಮ್ಮಿನ ಖರ್ಚು ಅದರಾಗ. 1800-11-2356ಕ್ಕ ಫೋನ್ ಮಾಡಿದ್ರ ಪುಕ್ಕಟ ಸಲಹಾನೂ ಕೊಡತಾರ.

ಇಪ್ಪತ್ತು ದಿನ ಆತು. ಸಿಟ್ಟು ಹೆಚ್ಚಾಗೇದ, ಬೀಡಿ ಮುಟ್ಟಿಲ್ಲ. ಬೈಸ್ಕೊಳ್ಳಲಿಕ್ಕೆ ನಾ ತಯಾರಿದ್ದೀನಿ.